ನಿಲ್ಲುವ ದಿನಕ್ಕೆ ಕವರಿರಲಿಲ್ಲ

ಹೊಳೆಯಾಚೆಯ ಛತ್ರ,
ಕೆಳಗಿನ ಹೆಂಗಸರ ಕೋಣೆ,
ಇಪ್ಪತ್ತೊಂದನೇ ತಾರೀಕು, ಮಂಗಳವಾರ.

ಮಗಳ ಅಪ್ಪನಿಗೆ,

ಹೇಗಿದ್ದೀರಿ? ಎದೆ ಹಿಡಿದಂತಾಗುತ್ತಿಲ್ಲ ತಾನೆ? ಏರು ಹತ್ತುವಾಗ ಅವಸರ ಮಾಡಬೇಡಿ. ಸಂಜೆಯ ಮಾತ್ರೆಯನ್ನು ಊಟಕ್ಕೆ ಮೊದಲಲ್ಲ, ಊಟವಾದ ಮೇಲೆ ನುಂಗಬೇಕು. ಬಿಳಿಯದು ಅರ್ಧ, ಹಳದಿಯದು ಪೂರ್ತಿ. ಇಷ್ಟನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ಮುಂದಿನದನ್ನು ಓದುತ್ತ ಓದುತ್ತ ನೀವು ಕಾಗದ ಮಡಚಿ ಜೇಬಿಗೆ ತುರುಕಿದರೂ ತುರುಕೀರಿ. 'ಪ್ರೀತಿಯ' ಎಂದು ಶುರುಮಾಡೋಣ ಅಂತಲೇ ಪೆನ್ನು ಹಿಡಿದಿದ್ದೆ. ಕೈ ಬರಲಿಲ್ಲ. 'ರೀ' ಎಂದು ಕೂಗೋಣವೆಂದರೆ ಕೂಗಿದರೆ ತಿರುಗಿ ನೋಡುವಷ್ಟು ಹತ್ತಿರದಲ್ಲಿ ನೀವಿಲ್ಲ. ಆದ್ದರಿಂದ ಮಗಳ ಅಪ್ಪ ಎಂದು ಬರೆದಿದ್ದೇನೆ. ಅದೊಂದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಶನಿವಾರ ನಾನು ಫೋನ್ ಇಟ್ಟ ಮೇಲೆ ನೀವು ಮತ್ತೆ ಮತ್ತೆ ಮಾಡಿದ್ದು ಗೊತ್ತು. ಪ್ರತಿ ಸಲವೂ ಬೀಗದಮ್ಮನಿಗೆ ನಾನೇ ಹೇಳಿದ್ದು, ಮಲಗಿದ್ದಾರೆ ಅಂತ ಹೇಳಿ, ಬೇರೆ ಏನೂ ಹೇಳಬೇಡಿ ಎಂದು. ಬೀಗದಮ್ಮ ಎಂದರೆ ಈ ಛತ್ರವನ್ನು ನೋಡಿಕೊಳ್ಳುವವರು, ಸೊಂಟದಲ್ಲಿ ಬೀಗದಕೈಗಳ ಗೊಂಚಲು ಕಟ್ಟಿಕೊಂಡು ಓಡಾಡುತ್ತಿದ್ದರಲ್ಲ, ಅವರೇ. ನಿಮಗೆ ನೆನಪಿರಲಿಕ್ಕಿಲ್ಲ, ಹಾಸಿಗೆಯ ಬಾಡಿಗೆ ಕೊಡುವಾಗ ಅವರ ಕೈ ನೋಡಿದ್ದಿರಿ, ಮುಖ ನೋಡಿರಲಿಲ್ಲ. ಫೋನಿನಲ್ಲಿ ನನಗೆ ಒಂದು ಮಾತನ್ನು ಪೂರ್ತಿ ಆಡಲು ಬಿಟ್ಟವರಲ್ಲ ನೀವು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲಾಗುವುದಿಲ್ಲ. ನಾಳೆ ತರಕಾರಿ ವ್ಯಾನು ಬೆಟ್ಟದ ಬುಡದ ಛತ್ರದವರೆಗೆ ಹೋಗುತ್ತದಂತೆ. ದಿನಕ್ಕೊಂದರಂತೆ ದುಡ್ಡು ತುಂಬಿದ ನಿಮ್ಮ ಕವರುಗಳ ಪ್ರಕಾರ ನೀವು ಅಲ್ಲಿಗೆ ಗುರುವಾರ ತಲುಪಬೇಕು. ತಲುಪಿಯೇ ತಲುಪುತ್ತೀರಿ, ಸಂದೇಹವಿಲ್ಲ. ಬಾಗಿಲಲ್ಲೇ ಈ ಕಾಗದ ನಿಮಗಾಗಿ ಕಾದಿರುತ್ತದೆ. ಬೂಟು ಬಿಚ್ಚಿ, ಕೂತು, ನೀರು ಕುಡಿದು ಓದಿ.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಈ ಹರಕೆ ಯಾರದು? ನಿಮ್ಮ ಎದೆ ಕೊಯ್ದ ದಿನ ನೀವು ಒಳಗೆ ಎಚ್ಚರವಿಲ್ಲದೆ ಮಲಗಿದ್ದಿರಿ. ಹೊರಗೆ, ಫಿನಾಯಿಲ್ ವಾಸನೆಯ ಆ ಉದ್ದನೆಯ ಕಾರಿಡಾರಿನಲ್ಲಿ, ಕೂರಲು ಬೆಂಚು ಸಿಗದೆ ಗೋಡೆಗೆ ಒರಗಿ ನಿಂತಿದ್ದವಳು ನಾನು. ಮಗಳು ಬಸುರಿ, ಅವಳನ್ನು ಮನೆಗೆ ಕಳಿಸಿದ್ದೆ. ನನ್ನ ಜೊತೆ ಒಂದು ನರಪಿಳ್ಳೆ ಇರಲಿಲ್ಲ. ಆಗ ದೇವರಿಗೆ ಹೇಳಿಕೊಂಡೆ: ಇವರು ತಮ್ಮ ಕಾಲ ಮೇಲೆ ನಡೆದು ಈ ಬಾಗಿಲಿನಿಂದ ಹೊರಗೆ ಬರಲಿ, ನಾನು ನನ್ನ ಕಾಲ ಮೇಲೆ ನಡೆದು ನಿನ್ನ ಬೆಟ್ಟಕ್ಕೆ ಬರುತ್ತೇನೆ. ಒಂದು ಕಾಲಿಗೆ ಒಂದು ಕಾಲು ಎಂಬಂಥ ಮಾತು. ನೀವು ನಡೆದು ಬಂದಿರಿ. ಆಮೇಲೆ ಮಗಳ ಬಾಣಂತನ, ನಿಮ್ಮ ಪಥ್ಯ, ನನ್ನ ಇಸ್ತ್ರಿ ಅಂಗಡಿ, ಒಂದಲ್ಲ ಒಂದು ಕಾರಣಕ್ಕೆ ಹರಕೆ ಹಿಂದೆ ಬಿತ್ತು. ಈ ವರ್ಷ ಹೊರಟೇಬಿಡುತ್ತೇನೆ ಎಂದಾಗ ನಮ್ಮ ಬೀದಿಯ ಹೆಂಗಸರ ಗುಂಪೊಂದು ಸಿದ್ಧವಾಗಿತ್ತು. ಅವರ ಜೊತೆ ನಗುನಗುತ್ತ ಹೋಗಿಬರುತ್ತಿದ್ದೆ. ನೀವೇ ಅಡ್ಡ ಬಂದದ್ದು. "ನೀನು ಕಂಡೋರಿಗೆಲ್ಲ ಕೈಯೆತ್ತಿ ಕೊಡೋಳು, ಅರ್ಧ ದಾರೀಲಿ ಬರಿಗೈಲಿ ನಿಂತ್ಕೋತೀಯ. ಖರ್ಚು ನೋಡೋಕೆ ನಾನೂ ಬರ್ತೀನಿ" ಎಂದಿರಿ. ನಿಜ ಹೇಳಲೇ? ಒಳಗೊಳಗೇ ಹಿಗ್ಗಿದೆ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೆ ಹೋಗಿದ್ದೆವು ಹೇಳಿ? ಆಸ್ಪತ್ರೆಯೊಂದನ್ನು ಬಿಟ್ಟು.

ಕವರುಗಳ ಕೆಲಸ ಆ ವಾರವೇ ಶುರುವಾಯಿತು. ಬಸ್ ಡಿಪೋದ ಸ್ಟೋರಿನಲ್ಲಿ ಬೋಲ್ಟು, ನಟ್ಟು, ಬೇರಿಂಗು ಎಣಿಸಿ ಕೊಡುತ್ತ ತಲೆ ಬೆಳ್ಳಗೆ ಮಾಡಿಕೊಂಡವರು ನೀವು. ಹಳೆಯ ಬೋಲ್ಟು ತಂದು ಒಪ್ಪಿಸಿದರೆ ಮಾತ್ರ ಹೊಸ ಬೋಲ್ಟು. ರಿಟೈರ್ ಆದ ಮೇಲೆ ನಿಮ್ಮ ಕಿಟಕಿಯ ಮುಂದೆ ಕೈಚಾಚಿ ನಿಲ್ಲುವವರು ಯಾರೂ ಇರಲಿಲ್ಲ, ನಾನು ಸಿಕ್ಕಿದೆ. ಅಡುಗೆಮನೆಯ ಮೇಜಿನ ಮೇಲೆ ಕಂದು ಕವರುಗಳನ್ನು ಸಾಲಾಗಿ ಹರಡಿ, ದಿನಕ್ಕೊಂದರಂತೆ ನೋಟು, ಚಿಲ್ಲರೆ ತುಂಬಿ, ಮೇಲೆ ದಿನದ ನಂಬರ್ ಬರೆದು ಅಂಟಿಸಿದಿರಿ. ಎರಡು ಹೊತ್ತು ಚಹಾ, ಒಂದು ಹೊತ್ತು ಹೋಟೆಲಿನ ಊಟ, ಇನ್ನೊಂದು ಹೊತ್ತು ಛತ್ರದ ಊಟ, ಹಾಸಿಗೆ ಬಾಡಿಗೆ, ಬಟ್ಟೆ ಸೋಪು, ದಾರಿಯ ಗುಡಿಗಳ ಹುಂಡಿಗೆ ಚಿಲ್ಲರೆ. ದೇವರಿಗೂ ಇಷ್ಟೇ ಎಂದು ಮಿತಿ ಹಾಕಿದ್ದಿರಿ, ಆಗ ನಾನು ನಕ್ಕಿದ್ದೆ. ಇವಲ್ಲದೆ ಬಟ್ಟೆಯ ಚೀಲವೊಂದನ್ನು ಸೊಂಟಕ್ಕೆ ಕಟ್ಟಿಕೊಂಡಿರಿ. ಅದೇನೆಂದು ಕೇಳಿದ್ದಕ್ಕೆ, "ಇದು ಆಪತ್ತಿಗೆ. ಇದನ್ನ ಮುಟ್ಟೋ ಹಾಗಿಲ್ಲ" ಎಂದಿರಿ. ಒಳ್ಳೆಯದೇ ಎಂದುಕೊಂಡೆ. ಮುಂದಾಲೋಚನೆ ಇರುವ ಗಂಡ.

ಬೂಟಿನ ಅಂಗಡಿಯನ್ನು ಮರೆತಿಲ್ಲ ತಾನೆ? ನಿಮಗೆ ಮೆತ್ತೆ ಇರುವ, ಹಿಮ್ಮಡಿಗೆ ಗಾಳಿ ತುಂಬಿದ, ಡಾಕ್ಟರು ಹೇಳಿದಂಥದೇ ಜೋಡಿ. ಬೇಡವೆಂದು ನಾನೂ ಹೇಳಲಿಲ್ಲ, ನಾನೇ ಲೇಸು ಕಟ್ಟಿ ನೋಡಿದೆ. ನನ್ನ ಸರದಿ ಬಂದಾಗ ಬಾಗಿಲ ಬಳಿಯ ಬುಟ್ಟಿಗೆ ಕೈ ಹಾಕಿದಿರಿ. ಅರ್ಧ ಬೆಲೆಯ ಮಾಲು. ನನ್ನ ಅಳತೆಯದು ಇರಲಿಲ್ಲ, ಒಂದು ಸೈಜ್ ದೊಡ್ಡದಿತ್ತು. ಅಂಗಡಿಯವನೇ ಹೇಳಿದ, "ಅಮ್ಮಾ, ದೂರ ನಡೆಯೋರಿಗೆ ಸಡಿಲ ಆಗಬಾರದು, ಇಳಿಜಾರಲ್ಲಿ ಬೆರಳೆಲ್ಲ ಮುಂದಕ್ಕೆ ಜಾರಿ ಉಜ್ಜುತ್ತೆ" ಎಂದು. ನೀವು ಅವನತ್ತ ನೋಡದೆ, "ಎರಡು ಜೊತೆ ಸಾಕ್ಸ್ ಹಾಕ್ಕೋ, ಸರಿಹೋಗುತ್ತೆ. ಬಂದ ಮೇಲೆ ಇದನ್ನ ಎಲ್ಲಿ ಹಾಕ್ಕೊಂಡು ಓಡಾಡ್ತೀಯ?" ಎಂದಿರಿ. ನನಗೆ ಸಕ್ಕರೆ ಕಾಯಿಲೆ ಇರುವುದು ಆ ಅಂಗಡಿಯವನಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಕಾಲಿಗೆ ಒಂದು ಗೀರು ಬಿದ್ದರೂ ಜೋಪಾನ ಎಂದು ಡಾಕ್ಟರು ನಿಮ್ಮೆದುರೇ ನನಗೆ ಹೇಳಿದ್ದರು. ನೀವು ತಲೆಯಾಡಿಸಿದ್ದಿರಿ ಕೂಡ.

ಮೊದಲ ಕೆಲವು ದಿನ ಚೆನ್ನಾಗಿತ್ತು. ಅದನ್ನು ಸುಳ್ಳು ಮಾಡುವುದಿಲ್ಲ. ಬೆಳಗಿನ ತಂಪಿನಲ್ಲಿ ಹೊರಡುವುದು, ದಾರಿಯ ಪಕ್ಕ ಮೈಲಿಗಲ್ಲಿನ ಮೇಲೆ ಕೂತು ಬ್ರೆಡ್ಡು ತಿನ್ನುವುದು, ನೀವು ಡಿಪೋದ ಮೆಕ್ಯಾನಿಕ್ಕುಗಳ ಕಥೆ ಹೇಳುವುದು. ಆ ಕಥೆಗಳನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ನಗುವಾಗ ನಿಮ್ಮ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ ಎನ್ನುವುದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ. ಕನ್ನಡಕದ ಟೀಚರ್ ನಮ್ಮ ಜೊತೆಯಾದದ್ದು ಆಗಲೇ. ಒಬ್ಬರೇ ನಡೆಯುತ್ತಿದ್ದ ಆಕೆ, "ನಿಮ್ಮಿಬ್ಬರನ್ನ ನೋಡಿದ್ರೆ ಖುಷಿಯಾಗುತ್ತಪ್ಪ" ಎಂದಿದ್ದರು. ಪಾಪ, ಎರಡೇ ದಿನಕ್ಕೆ ಅವರ ಖುಷಿಯನ್ನು ನೀವು ಇಳಿಸಿಬಿಟ್ಟಿರಿ.

ಆ ಸೇತುವೆಯ ಪಕ್ಕದ ಹೋಟೆಲಿನಲ್ಲಿ. ಬೆಳಿಗ್ಗೆ ಚಹಾ ಒಂದು ಹೆಚ್ಚು ಕುಡಿದಿದ್ದೆವು, ಅದೂ ನೀವೇ ಕುಡಿದದ್ದು, ಕವರಿನಲ್ಲಿ ಅಷ್ಟು ಕಡಿಮೆ ಬಿದ್ದಿತ್ತು. "ಒಂದು ಊಟ, ಎರಡು ತಟ್ಟೆ" ಎಂದಿರಿ. ಬಡಿಸುವವನು, "ಒಂದು ಊಟ ಇಬ್ಬರಿಗೆ ಹಂಚೋ ಹಾಗಿಲ್ಲ ಸಾರ್, ಬೋರ್ಡ್ ನೋಡಿ" ಎಂದ. ನೀವು ಬೋರ್ಡ್ ನೋಡಿದಿರಿ. ಆಮೇಲೆ ಕವರಿನೊಳಗೆ ಇಣುಕಿದಿರಿ. ಆಮೇಲೆ, ನನ್ನ ಮುಖ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿ, "ಹಾಗಾದ್ರೆ ಒಂದೇ ಕೊಡಪ್ಪ. ಇವಳಿಗೆ ಹಸಿವಿಲ್ಲ" ಎಂದಿರಿ. ನಾಳೆಯ ಕವರು, ನಾಡಿದ್ದಿನ ಕವರು, ಅದರಾಚೆಯ ಕವರುಗಳೆಲ್ಲ ನಿಮ್ಮ ಬ್ಯಾಗಿನಲ್ಲೇ ಬೆಚ್ಚಗೆ ಮಲಗಿದ್ದವು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುವ ಹೆಂಗಸು ನಾನು, ನೀವು ಉಣ್ಣುವುದನ್ನು ನೋಡುತ್ತ ಕೂತೆ. ಟೀಚರ್ ತಮ್ಮ ಚೀಲದಿಂದ ಬನ್ನು ತೆಗೆದು ನನ್ನ ಕೈಗಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಹೊರಗೆ ಬಂದ ಮೇಲೆ ನೀವು ಹೇಳಿದ್ದೇನು? "ನೋಡಿದ್ಯಾ, ಬನ್ನು ಸಿಕ್ತು. ಇವತ್ತಿನ ಕವರ್‌ನಲ್ಲಿ ಉಳೀತು ಕೂಡ." ಆಗಲೇ ನಿಮ್ಮ ಕೈಯಿಂದ ಆ ಕವರುಗಳ ಕಟ್ಟನ್ನು ಕಿತ್ತು ಸೇತುವೆಯ ಕೆಳಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಸಿಟ್ಟನ್ನು ಬನ್ನಿನ ಜೊತೆ ನುಂಗಿದೆ.

ಅದಾದ ಮೇಲೆ ಬಂದದ್ದು ಆ ದೊಡ್ಡ ಇಳಿಜಾರು. ಅಂಗಡಿಯವನು ಹೇಳಿದ್ದು ಅಕ್ಷರ ಅಕ್ಷರ ನಿಜವಾಯಿತು. ಹೆಜ್ಜೆ ಇಟ್ಟಾಗಲೆಲ್ಲ ಕಾಲು ಬೂಟಿನೊಳಗೆ ಮುಂದಕ್ಕೆ ಜಾರುತ್ತಿತ್ತು, ಎಡಗಾಲಿನ ತುದಿ ಉರಿಯುತ್ತಿತ್ತು. ಕೆಳಗಿನ ಊರಿಗೆ ಬಂದು ಬಿಚ್ಚಿ ನೋಡಿದರೆ ಸಾಕ್ಸು ಒದ್ದೆ. ಬೊಬ್ಬೆ ಒಡೆದಿತ್ತು. ನಾವು ನಿಂತದ್ದು ಔಷಧಿ ಅಂಗಡಿಯ ಎದುರಿಗೇ, ಅದರ ಹಸಿರು ದೀಪ ನನ್ನ ಕಾಲ ಮೇಲೆಯೇ ಬೀಳುತ್ತಿತ್ತು. "ರೀ, ಮುಲಾಮು, ಪಟ್ಟಿ ತಗೊಳ್ಳೋಣ" ಎಂದೆ. "ಇವತ್ತಿನ ಕವರ್ ಮುಗೀತು. ನಾಳೆ ಬೆಳಿಗ್ಗೆ ಹೊಸದು ಒಡೀತೀನಲ್ಲ, ಆಗ ನೋಡೋಣ" ಎಂದಿರಿ. "ನಾಳೇದು ಬ್ಯಾಗಲ್ಲೇ ಇದೆಯಲ್ರೀ" ಎಂದೆ. "ನಾಳೇದು ನಾಳೆಗೆ. ಒಂದು ಸಲ ಮುರಿದ್ರೆ ಶಿಸ್ತೇ ಹೋಯ್ತು" ಎಂದಿರಿ. ಟೀಚರ್ ತಮ್ಮ ಪರ್ಸಿಗೆ ಕೈ ಹಾಕಿದಾಗ, "ಬೇಡ ಬೇಡ, ನಾವು ಯಾರ ಹಂಗಲ್ಲೂ ಇಲ್ಲ" ಎಂದು ಅವರನ್ನೂ ತಡೆದಿರಿ. ಬನ್ನಿಗೆ ಇಲ್ಲದ ಮಾನ ಮುಲಾಮಿಗೆ ಎಲ್ಲಿಂದ ಬಂತೋ! ಮರುದಿನದ ದಾರಿ ಕಾಡಿನೊಳಗೆ. ಅದರ ಮರುದಿನವೂ ಅಷ್ಟೇ. ಕವರೇನೋ ಹೊಸದು ಒಡೆದಿರಿ, ಕೊಳ್ಳಲು ಅಂಗಡಿ ಇರಲಿಲ್ಲ. ಹಳೆಯ ಬಟ್ಟೆ ಹರಿದು ಸುತ್ತಿಕೊಂಡು ನಡೆದೆ. ನಾನು ಹಿಂದೆ ಬೀಳುತ್ತಿದ್ದೆ. ನೀವು ಮುಂದಿನ ತಿರುವಿನಲ್ಲಿ ನಿಂತು, ಗಡಿಯಾರ ನೋಡಿ, ನಾನು ಹತ್ತಿರ ಬರುವಷ್ಟರಲ್ಲಿ ಮತ್ತೆ ಹೊರಡುತ್ತಿದ್ದಿರಿ. ನೀವು ದಣಿವಾರಿಸಿಕೊಂಡಿರುತ್ತಿದ್ದಿರಿ, ನಾನು ಆಗಷ್ಟೇ ಬಂದಿರುತ್ತಿದ್ದೆ. ಹೀಗೆ ಹೊಳೆ ದಾಟಿ ಈ ಛತ್ರಕ್ಕೆ ಬಂದು ಬಿದ್ದಾಗ ನನ್ನ ಮೈ ಕೆಂಡದಂತೆ ಸುಡುತ್ತಿತ್ತು.

ಬೀಗದಮ್ಮ ನನ್ನ ಕಾಲು ನೋಡಿದವರೇ ಕಂಪೌಂಡರನ್ನು ಕರೆಸಿದರು. ಆತ ಬಟ್ಟೆ ಬಿಡಿಸಿ ಮೂಸಿ ನೋಡಿ, "ಇದನ್ನ ನಾನು ಮುಟ್ಟಲ್ಲ. ದೊಡ್ಡಾಸ್ಪತ್ರೆಗೆ ತೋರಿಸಿ. ವಾರ ಹತ್ತು ದಿನ ಕಾಲು ನೆಲಕ್ಕೆ ಇಡೋ ಹಾಗಿಲ್ಲ" ಎಂದರು. ಈ ಮಾತು ನಿಮ್ಮ ಕಿವಿಗೂ ಬಿತ್ತು. ಬಿದ್ದ ಮೇಲೆ ನೀವು ಮಾಡಿದ್ದೇನು? ನನ್ನ ಹಾಸಿಗೆಯ ಮೇಲೆಯೇ, ನನ್ನ ಮೊಣಕಾಲಿನ ಪಕ್ಕದಲ್ಲಿ, ಕವರುಗಳನ್ನು ಇಸ್ಪೀಟಿನ ಎಲೆಗಳಂತೆ ಜೋಡಿಸಿದಿರಿ. ಮುಂದೆ ತಳ್ಳಿದಿರಿ, ಹಿಂದೆ ತಳ್ಳಿದಿರಿ. ಕೊನೆಗೆ, ಪ್ರಳಯವಾಗಿದೆ ಎನ್ನುವ ಹಾಗೆ, "ನಿಲ್ಲೋ ದಿನಕ್ಕೆ ನಾನು ಕವರೇ ಮಾಡಿಲ್ವಲ್ಲ" ಎಂದಿರಿ. ನಿಮ್ಮ ಸೊಂಟದ ಚೀಲವನ್ನು ತೋರಿಸಿ ನಾನು ಕೇಳಿದೆ, "ಅದು ಆಪತ್ತಿಗೆ ಅಂದಿದ್ರಲ್ಲ, ಇದು ಆಪತ್ತಲ್ವಾ?" ನೀವು, "ಆಪತ್ತು ಅಂದ್ರೆ ಇದಲ್ಲ" ಎಂದಿರಿ. "ಮತ್ತೆ ಯಾವುದು?" ಎಂದೆ. ನಿಮ್ಮ ಕೈ ನಿಮಗೇ ತಿಳಿಯದಂತೆ ಎದೆಯ ಮೇಲೆ ಹೋಯಿತು. ನನಗೆ ಅರ್ಥವಾಯಿತು. ಆ ಚೀಲದಲ್ಲಿರುವುದು ನಿಮ್ಮ ಎದೆಯ ಆಪತ್ತಿಗೆ ಇಟ್ಟದ್ದು. ನನ್ನ ಕಾಲಿಗೆ ಆಪತ್ತು ಬರಬಹುದೆಂದು ನಿಮ್ಮ ತಲೆಗೆ ಹೊಳೆದೇ ಇರಲಿಲ್ಲ. ಡಿಪೋದಲ್ಲಿ ಹಳೆಯದನ್ನು ಒಪ್ಪಿಸಿದರೆ ಹೊಸದು ಕೊಡುತ್ತಿದ್ದಿರಲ್ಲ, ಈ ಕಾಲನ್ನೂ ಬಿಚ್ಚಿ ನಿಮ್ಮ ಕಿಟಕಿಯೊಳಗೆ ಇಟ್ಟರೆ ಇನ್ನೊಂದು ಕೊಡುತ್ತೀರಾ ಎಂದು ಕೇಳುವ ಮನಸ್ಸಾಯಿತು. ಜ್ವರದಲ್ಲಿ ಬಾಯಿ ಏಳಲಿಲ್ಲ.

ಬೆಳಿಗ್ಗೆ ನೀವು ಹೊರಟು ನಿಂತಿದ್ದಿರಿ. ತಲೆ ಬಾಚಿ, ಬ್ಯಾಗು ಹೆಗಲಿಗೇರಿಸಿ. "ಹರಕೆ ಅರ್ಧಕ್ಕೆ ನಿಲ್ಲಬಾರದು ಕಣೇ. ಇಬ್ಬರ ಪಾಲಿಂದೂ ನಾನೇ ಮುಗಿಸ್ತೀನಿ. ನೀನು ಎರಡು ದಿನ ಮಲಗಿ ಬಸ್ ಹತ್ತು" ಎಂದು ಮೂರು ಕವರು, ಬಸ್ಸಿನ ದುಡ್ಡು ದಿಂಬಿನ ಕೆಳಗಿಟ್ಟಿರಿ. ಕಂಪೌಂಡರ್ ಹೇಳಿದ ಆಸ್ಪತ್ರೆಯ ಮಾತನ್ನು ಕೈಬಿಟ್ಟಿರಿ. ನಾನು ಏನಾದರೂ ಅನ್ನುವ ಮೊದಲೇ ಮೆಟ್ಟಿಲಿಳಿದಿರಿ. ಆ ಗಾಳಿ ತುಂಬಿದ ಬೂಟಿಗೆ ಸದ್ದೇ ಇಲ್ಲ, ಗೊತ್ತೇ? ನೀವು ಹೋದದ್ದು ನನಗೆ ಕೇಳಿಸಲೂ ಇಲ್ಲ. ಹೋಗಿಲ್ಲ, ಬಾಗಿಲ ಹೊರಗೆ ಯೋಚಿಸುತ್ತ ನಿಂತಿದ್ದೀರಿ ಎಂದುಕೊಂಡು ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದೆ. ಬೀಗದಮ್ಮ ಗಂಜಿ ಹಿಡಿದು ಬಂದು, "ಯಾರಿಗೆ ಕಾಯ್ತಿದ್ದೀರಿ? ಅವರು ಹೊಳೆ ತಿರುವು ದಾಟಿ ಆಯ್ತು" ಎಂದಾಗಲೇ ಗೊತ್ತಾದದ್ದು.

ಮಧ್ಯಾಹ್ನದ ಹೊತ್ತಿಗೆ ನಾನು ಏನೇನೋ ಕನವರಿಸುತ್ತಿದ್ದೆನಂತೆ. ಬೀಗದಮ್ಮ ತರಕಾರಿ ವ್ಯಾನಿನವನನ್ನು ಕೂಗಿ, ಹಿಂದೆ ಗೋಣಿ ಹಾಸಿ, ಎಲೆಕೋಸಿನ ಬುಟ್ಟಿಗಳ ನಡುವೆ ನನ್ನನ್ನು ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿ ಹಿಡಿದಿದ್ದರು. ಹಿಂದಿನ ದಿನದವರೆಗೆ ನನಗೂ ಆಕೆಗೂ ಗುರುತಿರಲಿಲ್ಲ. ಡಾಕ್ಟರಮ್ಮ ನಮ್ಮ ಮಗಳಷ್ಟು ವಯಸ್ಸಿನವಳು. ನೋಡಿದ ಕೂಡಲೇ, "ಯಾರು ಇವರನ್ನ ಈ ಕಾಲಲ್ಲಿ ನಡೆಸಿದ್ದು?" ಎಂದು ಗದರಿದಳು. ಬೀಗದಮ್ಮ ನನ್ನ ಮುಖ ನೋಡಿದರು. ನಾನು ಗೋಡೆಯ ಕಡೆ ತಿರುಗಿದೆ. ನಿಮ್ಮ ಮಾನ ಆಗಲೂ ನನ್ನ ಬಾಯಲ್ಲೇ ಇತ್ತು. ಇನ್ನೂ ಎರಡು ದಿನ ಹೀಗೇ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತಂತೆ. ಅದೇ ಸಂಜೆ ಕೊಯ್ದು ಸ್ವಚ್ಛ ಮಾಡಿದರು. ದುಡ್ಡು ಕಟ್ಟಿ ಎಂದಾಗ ದಿಂಬಿನ ಕೆಳಗಿನಿಂದ ತಂದಿದ್ದ ಮೂರೂ ಕವರನ್ನು ಒಟ್ಟಿಗೆ ಹರಿದೆ. ಮೊದಲ ದಿನದ್ದು, ಎರಡನೇ ದಿನದ್ದು ಎಂದು ನೋಡಲಿಲ್ಲ. ಬಸ್ಸಿನ ದುಡ್ಡೂ ಅದರ ಹಿಂದೆಯೇ ಹೋಯಿತು. ನಿಮ್ಮ ಶಿಸ್ತು ಅಲ್ಲಿಗೆ ಮುಗಿಯಿತು.

ಶನಿವಾರ ನೀವು, ನನ್ನ ಬಳಿಯೇ ಕೂತಿದ್ದ ಬೀಗದಮ್ಮನ ಫೋನಿಗೆ ಮಾಡಿ ಅವಳಿಗೆ ಕೊಡಿ ಎಂದಾಗ ನಾನು ಮಲಗಿದ್ದದ್ದು ಆಸ್ಪತ್ರೆಯ ಮಂಚದ ಮೇಲೆ, ಕಾಲನ್ನು ಮೇಲಕ್ಕೆ ತೂಗುಹಾಕಿದ್ದರು. ನೀವು ಹೇಗಿದ್ದೀಯ ಎಂದರೆ ಸಾಕಿತ್ತು. ಎಲ್ಲಿದ್ದೀಯ ಎಂದರೆ ಸಾಕಿತ್ತು. ಅತ್ತೇಬಿಡುತ್ತಿದ್ದೆ, ಬಹುಶಃ ಅತ್ತು ಎಲ್ಲವನ್ನೂ ಮರೆತುಬಿಡುತ್ತಿದ್ದೆ. ನೀವು ಕೇಳಿದ್ದು, "ಬಸ್ ಟಿಕೆಟ್ ತಗೊಂಡ್ಯಾ? ಇವತ್ತೇ ಬುಕ್ ಮಾಡಿದ್ರೆ ಸ್ವಲ್ಪ ಕಡಿಮೆಗೆ ಸಿಗುತ್ತೆ, ಬೋರ್ಡಲ್ಲಿ ಹಾಕಿದ್ದಾರೆ." ನಾನು ಫೋನ್ ಇಟ್ಟೆ. ಪಕ್ಕದ ಮಂಚದ ಅಜ್ಜಿ, ಯಾರು ಎಂದು ಕೇಳಿದ್ದಕ್ಕೆ, ರಾಂಗ್ ನಂಬರ್ ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲವೇನೋ. ನಿನ್ನೆ ನನ್ನನ್ನು ಛತ್ರಕ್ಕೆ ವಾಪಸ್ ಕರೆತಂದರು. ಸಂಜೆ ಕನ್ನಡಕದ ಟೀಚರ್ ಬಂದರು. ಮುಂದಿನ ಛತ್ರದವರೆಗೆ ನಡೆದು, ಶಾಲೆಯಿಂದ ಕರೆ ಬಂದು ಅರ್ಧದಲ್ಲೇ ಹಿಂತಿರುಗುತ್ತಿದ್ದವರು, ಬಸ್ಸು ಬದಲಿಸುವ ನಡುವೆ ನನ್ನನ್ನು ನೋಡಲೆಂದೇ ಇಳಿದಿದ್ದರು. ನಾನು ಊರು ಸೇರಿದ್ದೇನೋ ಇಲ್ಲೇ ಇದ್ದೇನೋ ಅವರಿಗೆ ತಿಳಿಯದು. ನನ್ನ ಕಾಲಿನ ಕಟ್ಟು ನೋಡಿ ಅಲ್ಲೇ ಕುಸಿದು ಕೂತರು. ನೀವು ಮುಂದಿನ ಛತ್ರದ ಪಡಸಾಲೆಯಲ್ಲಿ ಹತ್ತು ಜನರೆದುರು ಏನು ಹೇಳಿದಿರಿ ಎಂದು ಅವರಿಂದ ಕೇಳಬೇಕಾಯಿತು: "ನಮ್ಮವಳಿಗೆ ಮನಸ್ಸು ಗಟ್ಟಿಯಿಲ್ಲ ಕಣ್ರೀ, ಅರ್ಧಕ್ಕೇ ಕೈಬಿಟ್ಟಳು. ಹೆಂಗಸರ ಹರಕೆ ಅಂದ್ರೆ ಹೀಗೇ. ಅವಳ ಪಾಲಿಂದೂ ನಾನೇ ನಡೀತಿದ್ದೀನಿ." ಕೇಳಿದವರೆಲ್ಲ ನಿಮ್ಮನ್ನು ಹೊಗಳಿದರಂತೆ. ಯಾರೋ ಒಬ್ಬರು ನಿಮಗೆ ಹಾಲು ಕೊಡಿಸಿದರಂತೆ. ಕುಡಿದಿರಾ? ಕವರಿನಲ್ಲಿ ಉಳಿಯಿತಾ?

ರೀ, ಈಗ ಕೇಳಿ. ಮೂರು ವರ್ಷದಿಂದ ನೋಡುತ್ತಿದ್ದೇನೆ, ಆಪರೇಷನ್ ಆದಂದಿನಿಂದ ನೀವು ಹೆದರಿದ್ದೀರಿ. ಮೊದಲು ಹೀಗಿರಲಿಲ್ಲ. ಅಳೆದು ಸುರಿದು ಖರ್ಚು ಮಾಡುತ್ತಿದ್ದಿರಿ, ಆದರೆ ಜೊತೆಯವರ ತಟ್ಟೆಗೆ ಕೈ ಹಾಕಿದವರಲ್ಲ. ಕೂಡಿಟ್ಟದ್ದೆಲ್ಲ ಒಂದೇ ವಾರದಲ್ಲಿ ಆಸ್ಪತ್ರೆಯ ಕೌಂಟರಿನೊಳಗೆ ಹೋದದ್ದನ್ನು ಮಲಗಿದ್ದಲ್ಲಿಂದಲೇ ನೋಡಿದಿರಿ. ಇನ್ನೊಮ್ಮೆ ಎದೆ ಕೈಕೊಟ್ಟರೆ ಏನು ಗತಿ ಎಂದು ಅಂದಿನಿಂದ ಕಾಸಿಗೆ ಕಾಸು ಕಟ್ಟುತ್ತಿದ್ದೀರಿ. ನಿಮ್ಮ ಆ ಭಯಕ್ಕೆ ನನಗೆ ಕನಿಕರವಿದೆ. ನಿದ್ದೆಯಲ್ಲೂ ಎದೆಯ ಮೇಲೆ ಕೈಯಿಟ್ಟು ಮಲಗುವ ಮನುಷ್ಯನನ್ನು ಪಕ್ಕದಲ್ಲಿ ಮಲಗಿ ನೋಡಿದವಳು ನಾನೇ ತಾನೆ? ಆದರೆ ಅಂದು ಆ ಕಾರಿಡಾರಿನಲ್ಲಿ ಡಾಕ್ಟರು ಬಂದು ಇಷ್ಟಾಗುತ್ತದೆ ಎಂದಾಗ ನಾನು, ಇವತ್ತಿನದು ಮುಗಿಯಿತು, ನಾಳೆ ನೋಡೋಣ ಎನ್ನಲಿಲ್ಲ. ಅವರು ಮಾತು ಮುಗಿಸುವ ಮೊದಲೇ ಮಾಡಿ ಎಂದೆ. ಎಷ್ಟು ಎಂದು ನನಗೆ ತಿಳಿದದ್ದು ಆಮೇಲೆ. ನಿಮ್ಮ ಜೀವಕ್ಕೆ ನಾನು ಬೆಲೆ ಕೇಳಲಿಲ್ಲ, ನನ್ನ ಕಾಲಿಗೆ ಒಂದು ಪಟ್ಟಿಯ ಬೆಲೆ ನಿಮಗೆ ಹೆಚ್ಚಾಯಿತು. ಇದನ್ನು ಎಷ್ಟು ಸಲ ಮಗ್ಗುಲು ಬದಲಿಸಿ ಯೋಚಿಸಿದರೂ ಹೊಟ್ಟೆಯ ಉರಿ ಆರುತ್ತಿಲ್ಲ. ಆರಲಿ ಎಂದು ನನಗೂ ಅನಿಸುತ್ತಿಲ್ಲ.

ಆದ್ದರಿಂದ ನಾನು ತೀರ್ಮಾನಿಸಿದ್ದನ್ನು ತಿಳಿಸುತ್ತಿದ್ದೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ನಾನು ಬಸ್ ಹತ್ತುವುದಿಲ್ಲ. ಕಾಲು ವಾಸಿಯಾಗುವವರೆಗೆ ಇಲ್ಲೇ ಇರುತ್ತೇನೆ. ಬೀಗದಮ್ಮ ಹಿತ್ತಲ ಕಡೆಯ ಸಣ್ಣ ಕೋಣೆ ಬಿಟ್ಟುಕೊಟ್ಟಿದ್ದಾರೆ, ಎಲ್ಲರಿಗೂ ಎಷ್ಟೋ ನನಗೂ ಅಷ್ಟೇ ಬಾಡಿಗೆ. ಇಸ್ತ್ರಿ ಅಂಗಡಿ ನೋಡಿಕೊಳ್ಳುತ್ತಿರುವ ಪಕ್ಕದ ಮನೆಯವಳಿಗೆ ಫೋನ್ ಮಾಡಿದ್ದೇನೆ, ಈ ತಿಂಗಳ ದುಡಿಮೆಯನ್ನು ನೇರ ಇಲ್ಲಿಗೇ ಕಳಿಸುತ್ತಾಳೆ. ಆ ಬೂಟನ್ನು ಛತ್ರದ ಕಸದ ಡಬ್ಬಿಗೆ ಹಾಕಿಸಿದೆ. ಡಾಕ್ಟರಮ್ಮ ಹೂಂ ಎಂದ ದಿನ ನನ್ನ ಅಳತೆಯ ಹೊಸ ಜೋಡಿ ಕೊಂಡು, ದಿನಕ್ಕೆ ಆದಷ್ಟು ನಡೆದು, ಆಗದ ದಿನ ನಿಂತು, ಹಸಿದಾಗ ಉಂಡು, ಬೆಟ್ಟ ಸೇರುತ್ತೇನೆ. ಎಷ್ಟು ದಿನವಾಗುತ್ತದೋ ಆಗಲಿ. ನೀವು ಬೆಟ್ಟ ಹತ್ತುವುದಾದರೆ ಹತ್ತಿ, ದಾರಿ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಅಲ್ಲಿ ನಿಂತು ನನ್ನ ಹೆಸರೆತ್ತಬೇಡಿ. ಇವಳ ಪಾಲಿನದೂ ನಾನೇ ತಂದೆ ಎಂದು ದೇವರೆದುರು ಹೇಳಬೇಡಿ. ನನ್ನ ಪಾಲಿನದು ನನ್ನ ಹತ್ತಿರವೇ ಇದೆ. ಮತ್ತೆ, ಮುಂದಿನ ಛತ್ರಗಳಲ್ಲಿ ಯಾರಾದರೂ ಹೆಂಡತಿ ಎಲ್ಲಿ ಎಂದು ಕೇಳಿದರೆ, ಕಾಲು ಕೊಳೆಯುತ್ತಿತ್ತು, ಬಿಟ್ಟು ಬಂದೆ ಎನ್ನಿ. ಆಮೇಲೂ ಹಾಲು ಕೊಡಿಸಿದರೆ ಕುಡಿಯಿರಿ.

ಸಂಜೆ ಚಳಿ ಹೆಚ್ಚು, ಮಫ್ಲರ್ ನಿಮ್ಮ ಬ್ಯಾಗಿನ ಕೆಳಗಿನ ಪದರದಲ್ಲಿದೆ, ನಾನೇ ಇಟ್ಟದ್ದು. ನಿಮ್ಮ ಎದೆ ಗಟ್ಟಿಯಾಗಿರಲಿ, ಉಸಿರು ಸಲೀಸಾಗಿರಲಿ. ಇದನ್ನು ಸಿಟ್ಟಿನಲ್ಲೂ ಮನಸಾರೆ ಬರೆಯುತ್ತಿದ್ದೇನೆ, ನಂಬಿದರೆ ನಂಬಿ. ಬೀಗದಮ್ಮನಿಗೆ ನಿಮ್ಮ ನಮಸ್ಕಾರ ತಿಳಿಸುವುದಿಲ್ಲ, ಅದನ್ನು ನೀವೇ ಬಂದು ಹೇಳಬೇಕಾದೀತು.

ಇಂತು,
ಹರಕೆ ಹೊತ್ತವಳು

ತಾಜಾಕಲಂ: ಬುಧವಾರ ಬೆಳಿಗ್ಗೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಕೊಯ್ದು ಸ್ವಚ್ಛ ಮಾಡಿದರು ಎಂದಷ್ಟೇ ಬರೆದೆ, ಅದಕ್ಕಿಂತ ಹೆಚ್ಚು ಬರೆಯಲು ನಿನ್ನೆ ಆಗಲಿಲ್ಲ. ಎಡಗಾಲಿನ ಕಿರುಬೆರಳನ್ನು ತೆಗೆದುಬಿಟ್ಟಿದ್ದಾರೆ. ನೋವು ಅಷ್ಟಿಲ್ಲ, ಇಲ್ಲದ ಜಾಗದಲ್ಲೇ ಒಮ್ಮೊಮ್ಮೆ ತುರಿಸಿದಂತಾಗುತ್ತದೆ. ಮಗಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಹೇಳಬೇಕು. ಅಂಗಡಿಯ ಬುಟ್ಟಿಯಿಂದ ಹಿಡಿದು ಹಸಿರು ದೀಪದವರೆಗೆ, ಈ ಹಾಸಿಗೆಯವರೆಗೆ, ಒಂದನ್ನೂ ಬಿಡದೆ, ನಿಮ್ಮ ಬಾಯಿಂದಲೇ. ಅವಳು ಏನು ಅನ್ನುತ್ತಾಳೋ ಅದನ್ನು ಪೂರ್ತಿ ಕೇಳಿಸಿಕೊಳ್ಳಿ. ಅದಾದ ಮೇಲೂ ಇಲ್ಲಿಗೆ ಬರುವ ಮನಸ್ಸಿದ್ದರೆ ಬನ್ನಿ.